ಆಪರೇಶನ್ ಆಯ್ತು, ಮನೆಗೂ ಬಂದಾಯ್ತು: ಸೀತಾಂಗೋಳಿಯವರು ಲೆಕ್ಕ ಇಡಬೇಕಾದ ಮೂವತ್ತು ದಿನ

ಸೀತಾಂಗೋಳಿಯಲ್ಲಿ ಯಾರಿಗಾದರೂ ಆಪರೇಶನ್ ಅಂದ ಕೂಡಲೇ ಹೆಚ್ಚಿನ ಮನೆಗಳಲ್ಲಿ ಮೊದಲು ಬರುವ ಮಾತು ಮಂಗಳೂರು. ಕಾಸರಗೋಡಿನ ಜನರಲ್ ಆಸ್ಪತ್ರೆ, ಕುಂಬಳೆ ಮತ್ತು ಕಾಸರಗೋಡಿನ ಖಾಸಗಿ ಆಸ್ಪತ್ರೆಗಳಿಗೆ ಹೋಗುವವರು ಇಲ್ಲ ಅಂತಲ್ಲ. ಆದರೆ ಪಿತ್ತಕೋಶದ ಕಲ್ಲು, ಹರ್ನಿಯಾ, ಗರ್ಭಕೋಶ, ಮಂಡಿಚಿಪ್ಪು ಅಂದರೆ ಕಾರು ತಲಪಾಡಿ ದಾಟಿಯೇ ದಾಟುತ್ತದೆ. ಎರಡು ದಿನ, ಮೂರು ದಿನದಲ್ಲಿ ಡಿಸ್ಚಾರ್ಜ್. ಐವತ್ತು ಕಿಲೋಮೀಟರಿನ ಹತ್ತಿರ ಪ್ರಯಾಣ ಮಾಡಿ ಪುತ್ತಿಗೆ ಪಂಚಾಯತಿನ ಮನೆಗೆ ಮುಟ್ಟಿದರೆ ಸಂಬಂಧಿಕರು ನೋಡಲು ಬರುತ್ತಾರೆ, 'ಎಂತ ಇಲ್ಲ, ಚಿಕ್ಕ ಆಪರೇಶನ್, ಅಲ್‌ಹಮ್ದುಲಿಲ್ಲಾಹ್ ಮುಗಿಯಿತು' ಎನ್ನುತ್ತಾರೆ.

ಆದರೆ ವೈದ್ಯಶಾಸ್ತ್ರದ ಲೆಕ್ಕದಲ್ಲಿ ಅಲ್ಲಿಗೆ ಮುಗಿದಿಲ್ಲ. ಆಪರೇಶನ್ ಆದ ಜಾಗದ ಸೋಂಕನ್ನು 30 ದಿನಗಳವರೆಗೆ ಆ ಆಪರೇಶನ್ನಿನ ಲೆಕ್ಕಕ್ಕೇ ಸೇರಿಸುತ್ತಾರೆ. ಮಂಡಿಚಿಪ್ಪು ಬದಲಾವಣೆಯಂತೆ ದೇಹದೊಳಗೆ ಏನಾದರೂ ಕೂರಿಸಿದ್ದರೆ 90 ದಿನ. ಮೊದಲೆಲ್ಲ ಇಂಥ ಆಪರೇಶನ್ನಿಗೆ ವಾರ, ಹತ್ತು ದಿನ ವಾರ್ಡಿನಲ್ಲೇ ಮಲಗಿಸುತ್ತಿದ್ದರು. ಆಗ ತೊಂದರೆ ಕಾಣಿಸಿಕೊಂಡರೆ ಮೊದಲು ನೋಡುತ್ತಿದ್ದದ್ದು ನರ್ಸ್. ಈಗ ಕೀಹೋಲ್ ಆಪರೇಶನ್ ಬಂದು ರೋಗಿ ಬೇಗ ಮನೆಗೆ ಬರುತ್ತಾರೆ. ಅದು ಒಳ್ಳೆಯದೇ. ಆದರೆ ನಾಲ್ಕನೇ ದಿನ, ಏಳನೇ ದಿನ ಬರುವ ತೊಂದರೆಯನ್ನು ಈಗ ಮೊದಲು ನೋಡುವುದು ಮನೆಯ ಉಮ್ಮ, ಹೆಂಡತಿ, ಇಲ್ಲವೇ ಕಾಲೇಜಿಗೆ ಹೋಗುವ ಮಗಳು. ಅವರಿಗೆ ಏನನ್ನು ನೋಡಬೇಕು ಅಂತ ಯಾರೂ ಸರಿಯಾಗಿ ಹೇಳಿರುವುದಿಲ್ಲ. ಈ ಬರಹ ಅವರಿಗಾಗಿ.

ಒಂದು ಮಾತು ಮೊದಲೇ ಹೇಳಬೇಕು. ತೊಂದರೆ ಬಂತು ಅಂದಮಾತ್ರಕ್ಕೆ ವೈದ್ಯರ ತಪ್ಪು ಅಂತ ಅರ್ಥವಲ್ಲ. ಎಲ್ಲ ಸರಿಯಾಗಿ ಮಾಡಿದರೂ ಕೆಲವರಿಗೆ ಗಾಯ ಕೀವಾಗುತ್ತದೆ, ಕೆಲವರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ತಪ್ಪು ಆಗುವುದು ಹೆಚ್ಚಾಗಿ ಅದನ್ನು ಗುರುತಿಸಲು ತಡ ಮಾಡುವುದರಲ್ಲಿ. ಆ ತಡ ಆಸ್ಪತ್ರೆಯಿಂದಲೂ ಆಗಬಹುದು, ನಮ್ಮ ಮನೆಯಿಂದಲೂ ಆಗಬಹುದು.

ಯಾವುದು ಸಹಜ, ಯಾವುದು ಅಲ್ಲ

ಜ್ವರದಿಂದ ಶುರು ಮಾಡೋಣ. ಮೊದಲ ಎರಡು ದಿನ ಸಣ್ಣಗೆ ಮೈ ಬಿಸಿಯಾಗುವುದು ಹೆಚ್ಚಿನ ಸಂದರ್ಭದಲ್ಲಿ ಸೋಂಕಿನಿಂದಲ್ಲ, ದೇಹ ಪೆಟ್ಟಿಗೆ ಕೊಡುವ ಉತ್ತರ ಅಷ್ಟೇ. ಮೂರನೇ ದಿನದಿಂದ ಬರುವ ಜ್ವರವನ್ನು ಹಾಗೆ ಬಿಡಬಾರದು. ಮೂರರಿಂದ ಐದನೇ ದಿನದೊಳಗೆ ಬಂದರೆ ಮೂತ್ರದ ಸೋಂಕು (ವಿಶೇಷವಾಗಿ ಟ್ಯೂಬ್ ಹಾಕಿದ್ದರೆ) ಅಥವಾ ಎದೆಯ ಸೋಂಕು ಇರಬಹುದು. ಐದನೇ ದಿನದ ನಂತರ ಬಂದರೆ ಗಾಯವನ್ನು ನೋಡಬೇಕು, ಹೊಟ್ಟೆಯ ಆಪರೇಶನ್ ಆಗಿದ್ದರೆ ಒಳಗೆ ಕೀವು ಕಟ್ಟಿದೆಯಾ ಅಂತಲೂ ನೋಡಬೇಕು. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ದಾಟಿತಾ ಅನ್ನುವುದು ಗೆರೆ. ಕೈಯಿಂದ ಹಣೆ ಮುಟ್ಟಿ ನೋಡುವುದು ಸಾಲದು. ನೂರಿನ್ನೂರು ರೂಪಾಯಿಯ ಥರ್ಮಾಮೀಟರ್ ಇಲ್ಲದ ಮನೆಗೆ ಆಪರೇಶನ್ ಆದವರನ್ನು ಕರೆತರಬೇಡಿ.

ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿಸಿ ಸುಮ್ಮನಾಗುವುದು ನಮ್ಮಲ್ಲಿ ತುಂಬ ಸಾಮಾನ್ಯ. ಹೆಚ್ಚಿನವರಿಗೆ ಡಿಸ್ಚಾರ್ಜ್ ಚೀಟಿಯಲ್ಲೇ ದಿನಕ್ಕೆ ಮೂರು ಹೊತ್ತು ಪ್ಯಾರಾಸಿಟಮಾಲ್ ಇರುತ್ತದೆ, ಹಾಗಾಗಿ ಜ್ವರ ಅಡಗಿಯೂ ಇರಬಹುದು. ಮಾತ್ರೆ ತಿನ್ನುವ ಮೊದಲು ಜ್ವರ ಎಷ್ಟಿದೆ ನೋಡಿ, ಹೊತ್ತು ಸಮೇತ ಒಂದು ಕಾಗದದಲ್ಲಿ ಬರೆದಿಡಿ. ಮರುದಿನ ಫೋನಿನಲ್ಲಿ ವೈದ್ಯರಿಗೆ ಹೇಳುವಾಗ 'ಸ್ವಲ್ಪ ಜ್ವರ ಇತ್ತು' ಅನ್ನುವುದಕ್ಕಿಂತ 'ನಿನ್ನೆ ಸಂಜೆ 101, ಇವತ್ತು ಬೆಳಿಗ್ಗೆ 101.5' ಅಂದರೆ ಅವರು ಬೇರೆ ರೀತಿಯಲ್ಲಿ ಕೇಳಿಸಿಕೊಳ್ಳುತ್ತಾರೆ.

ನೋವು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಎರಡನೇ ದಿನ ಎದ್ದು ಕೂತವರು ನಾಲ್ಕನೇ ದಿನ ಪುನಃ ಮಲಗಿದರೆ, ನಿನ್ನೆ ಉಂಡವರು ಇವತ್ತು ವಾಂತಿ ಮಾಡಿದರೆ, ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿದ್ದರೆ, ಅದು 'ಗ್ಯಾಸ್' ಅಲ್ಲ. ಗ್ಯಾಸ್ ಎಂಬ ಒಂದೇ ಶಬ್ದ ನಮ್ಮ ಊರಿನಲ್ಲಿ ಎಷ್ಟೋ ಹೃದಯಾಘಾತವನ್ನು ಮುಚ್ಚಿಟ್ಟಿದೆ, ಹೊಟ್ಟೆಯೊಳಗಿನ ಕೀವನ್ನೂ ಮುಚ್ಚಿಡುತ್ತದೆ.

ಗಾಯದ ಅಂಚು ತೆಳುವಾಗಿ ಕೆಂಪಾಗಿರುವುದು, ತುರಿಸುವುದು, ಸ್ವಲ್ಪ ನೀರಿನಂತೆ ಒಸರುವುದು ಸಹಜ. ಕೆಂಪು ದಿನೇ ದಿನೇ ಹರಡಿದರೆ, ಮುಟ್ಟಿದರೆ ಬಿಸಿ ಇದ್ದರೆ, ವಾಸನೆಯ ಕೀವು ಬಂದರೆ, ಹೊಲಿಗೆ ಬಿಟ್ಟರೆ ಸಹಜವಲ್ಲ. ಪೆನ್ನಿನಲ್ಲಿ ಕೆಂಪಿನ ಅಂಚಿಗೆ ಗೆರೆ ಎಳೆದಿಟ್ಟರೆ ಸಂಜೆಗೆ ಅದು ದಾಟಿತಾ ಅಂತ ಗೊತ್ತಾಗುತ್ತದೆ. ಗಾಯಕ್ಕೆ ಅರಸಿನ, ತೆಂಗಿನೆಣ್ಣೆ, ಕರಿಜೀರಿಗೆ ಎಣ್ಣೆ ಹಚ್ಚಬೇಡಿ. ಹಚ್ಚಿದರೆ ಸೋಂಕು ಬರುವುದಷ್ಟೇ ಅಲ್ಲ, ಗಾಯದ ಬಣ್ಣವೇ ಕಾಣದೆ ವೈದ್ಯರಿಗೂ ಅಂದಾಜಾಗುವುದಿಲ್ಲ.

ಕಾಲು ನೋಡುವುದನ್ನು ಮರೆಯಬೇಡಿ. ಎರಡೂ ಕಾಲು ಸ್ವಲ್ಪ ಊದಿದ್ದರೆ ಬೇರೆ ಮಾತು. ಒಂದೇ ಕಾಲಿನ ಮೀನಖಂಡ ಊದಿ, ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಇದ್ದಕ್ಕಿದ್ದಂತೆ ದಮ್ಮು, ಉಸಿರೆಳೆದಾಗ ಎದೆನೋವು ಬರುತ್ತದೆ. ಅದು ನಿಮಿಷಗಳ ಲೆಕ್ಕದ ಕೇಸು. ಆಪರೇಶನ್ ಆದವರನ್ನು ಬೇಗ ನಡೆಸುವುದು ಈ ಕಾರಣಕ್ಕೆ. ಬಾಣಂತಿಯನ್ನು ನಲ್ವತ್ತು ದಿನ ಮಂಚದಿಂದ ಇಳಿಯಲು ಬಿಡದ, ನೀರು ಕಡಿಮೆ ಕುಡಿಸುವ ಪದ್ಧತಿ ಇನ್ನೂ ಇರುವ ಮನೆಗಳಿವೆ. ಹೆರಿಗೆಯ ನಂತರದ ಆರು ವಾರ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿರುವ ಕಾಲ, ಸಿಸೇರಿಯನ್ ಆಗಿದ್ದರೆ ಇನ್ನೂ ಹೆಚ್ಚು. ಮಲಗಿಸಿ, ನೀರು ನಿಲ್ಲಿಸಿದರೆ ಅಪಾಯವನ್ನು ಕೈಯಾರೆ ತಂದುಕೊಂಡ ಹಾಗೆ. ಹಿರಿಯ ಹೆಂಗಸರಿಗೆ ಇದನ್ನು ಮೃದುವಾಗಿ ಹೇಳಬೇಕು, ಆದರೆ ಹೇಳಲೇಬೇಕು.

ಯಾವ ಆಪರೇಶನ್ನಿಗೆ ಯಾವ ಲಕ್ಷಣ

ಪಿತ್ತಕೋಶ ತೆಗೆದ ಮೇಲೆ ಮೊದಲ ಎರಡು ಮೂರು ದಿನ ಬಲ ಭುಜ ನೋಯುವುದುಂಟು. ಹೊಟ್ಟೆ ಉಬ್ಬಿಸಲು ತುಂಬಿದ ಅನಿಲದಿಂದ ಬರುವ ನೋವು ಅದು, ತಾನಾಗಿಯೇ ಹೋಗುತ್ತದೆ. ಆದರೆ ಮೊದಲ ವಾರದೊಳಗೆ ಹೊಟ್ಟೆನೋವು ಏರುತ್ತಾ ಹೋದರೆ, ಹೊಟ್ಟೆ ಬಿಗಿದರೆ, ಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಪಿತ್ತರಸ ಸೋರುತ್ತಿರಬಹುದು ಅಥವಾ ಪಿತ್ತನಾಳಕ್ಕೆ ಪೆಟ್ಟಾಗಿರಬಹುದು. ಸಾವಿರ ಆಪರೇಶನ್ನಿನಲ್ಲಿ ಮೂರರಿಂದ ಐದು ಮಂದಿಗೆ ನಾಳಕ್ಕೆ ಪೆಟ್ಟಾಗುವುದುಂಟು, ಒಳ್ಳೆಯ ಕೈಗಳಲ್ಲೂ. ಬೇಗ ಗೊತ್ತಾದರೆ ಹೆಚ್ಚಿನ ಸೋರಿಕೆಯನ್ನು ಎಂಡೋಸ್ಕೋಪಿಯಲ್ಲಿ ಸ್ಟೆಂಟ್ ಹಾಕಿ ನಿಲ್ಲಿಸಬಹುದು. ಹಳದಿ ಕಂಡ ಕೂಡಲೇ ಕಾಮಾಲೆ ಅಂತ ನಾಟಿ ಮದ್ದಿಗೆ ಹೋಗಿ ಹತ್ತು ದಿನ ಕಳೆದರೆ ಆ ಅವಕಾಶ ಹೋಯಿತು.

ಅಪೆಂಡಿಕ್ಸ್ ತೆಗೆದ ಒಂದು ವಾರಕ್ಕೆ ಜ್ವರ ಬಂದು, ಪದೇ ಪದೇ ಮಲಕ್ಕೆ ಹೋಗಬೇಕು ಅನ್ನಿಸಿ ಸಿಂಬಳದಂತೆ ಸ್ವಲ್ಪವೇ ಹೋಗುತ್ತಿದ್ದರೆ ಕಿಬ್ಬೊಟ್ಟೆಯಲ್ಲಿ ಕೀವು ಇರಬಹುದು. ಭೇದಿ ಮಾತ್ರೆ ಕೊಟ್ಟು ಸುಮ್ಮನಾಗಬೇಡಿ.

ಹರ್ನಿಯಾ, ಪೈಲ್ಸ್ ಆಪರೇಶನ್ ಆದ ಗಂಡಸರಿಗೆ, ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದರೆ ವಿಶೇಷವಾಗಿ, ಮೂತ್ರ ಕಟ್ಟಿಕೊಳ್ಳುವುದು ಸಾಮಾನ್ಯ. ಆರೆಂಟು ಗಂಟೆ ಮೂತ್ರ ಬರದೆ ಕೆಳಹೊಟ್ಟೆ ಬಿಗಿದರೆ ನಾಚಿಕೆ ಬಿಟ್ಟು ಆಸ್ಪತ್ರೆಗೆ ಹೋಗಬೇಕು. ಪೈಲ್ಸ್‌ನಲ್ಲಿ ಇನ್ನೊಂದಿದೆ: ಎಲ್ಲ ಗುಣವಾಯಿತು ಅಂದುಕೊಂಡಿರುವಾಗ, ಏಳರಿಂದ ಹತ್ತನೇ ದಿನದ ಹೊತ್ತಿಗೆ ಒಮ್ಮೆಲೇ ರಕ್ತ ಹೋಗಬಹುದು.

ಮಕ್ಕಳ ಟಾನ್ಸಿಲ್ ಆಪರೇಶನ್ನಿಗೂ ಇದೇ ಮಾತು. ಗಂಟಲಲ್ಲಿ ಬಿಳಿಯ ಪೊರೆ ಕಾಣುವುದು ಸಹಜ, ಅದು ಕೀವಲ್ಲ. ಅದು ಕಳಚುವ ಐದರಿಂದ ಹತ್ತನೇ ದಿನದಲ್ಲಿ ರಕ್ತ ಬರಬಹುದು. ಮಗು ಅದನ್ನು ಉಗುಳದೆ ನುಂಗುತ್ತದೆ. ನಿದ್ದೆಯಲ್ಲಿ ಪದೇ ಪದೇ ನುಂಗುವ ಸದ್ದು ಮಾಡುತ್ತಿದ್ದರೆ ಎಬ್ಬಿಸಿ, ಟಾರ್ಚ್ ಹಾಕಿ ನೋಡಿ. ಒಂದು ಚಮಚ ರಕ್ತ ಬಂದು ನಿಂತಿತು ಅಂತಾದರೂ ಆಸ್ಪತ್ರೆಗೆ ಹೋಗಬೇಕು, ಯಾಕೆಂದರೆ ದೊಡ್ಡ ರಕ್ತಸ್ರಾವಕ್ಕೆ ಮೊದಲು ಸಣ್ಣದೊಂದು ಬರುವುದುಂಟು.

ಸುನ್ನತ್ ಕೂಡ ಆಪರೇಶನ್ನೇ. ಈಗ ಹೆಚ್ಚಿನವರು ಆಸ್ಪತ್ರೆಯಲ್ಲೇ ಮಾಡಿಸುತ್ತಾರೆ. ಮೊದಲ 24 ಗಂಟೆ ನೋಡಬೇಕಾದ್ದು ರಕ್ತ. ಒಂದೆರಡು ಹನಿ ಸಹಜ. ಬಟ್ಟೆ ನೆನೆಯುತ್ತಾ ಇದ್ದರೆ ಕೂಡಲೇ ಹೋಗಬೇಕು. ಮಾಡಿಸುವ ಮೊದಲೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಮಗುವಿನ ಉಮ್ಮನ ಕಡೆಯಲ್ಲಿ, ಮಾವಂದಿರಿಗೆ, ಅವರ ಮಕ್ಕಳಿಗೆ ರಕ್ತ ನಿಲ್ಲದ ತೊಂದರೆ ಇತ್ತಾ? ಹಿಮೋಫಿಲಿಯಾ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವ ಕಾಯಿಲೆ, ಎಷ್ಟೋ ಮಕ್ಕಳಲ್ಲಿ ಅದು ಮೊದಲು ಗೊತ್ತಾಗುವುದೇ ಸುನ್ನತ್‌ನ ದಿನ. ಎರಡು ಮೂರು ದಿನದ ಬಳಿಕ ತುದಿಯಲ್ಲಿ ಹಳದಿ ಪೊರೆ ಕಂಡರೆ ಹೆದರಬೇಡಿ, ಗುಣವಾಗುವ ಲಕ್ಷಣ. ತುದಿ ನೀಲಿ ಅಥವಾ ಕಪ್ಪಾದರೆ, ಹಾಕಿದ ರಿಂಗ್ ಜಾರಿ ಹಿಂದಕ್ಕೆ ಬಿಗಿದು ಕೂತರೆ, ಮಗು ಆರೆಂಟು ಗಂಟೆ ಮೂತ್ರ ಮಾಡದಿದ್ದರೆ ಕಾಯಬಾರದು.

ಸಿಸೇರಿಯನ್ ಆದವರಲ್ಲಿ ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ, ದುರ್ವಾಸನೆಯ ಸ್ರಾವ, ಕಣ್ಣು ಮಂಜಾಗುವಂಥ ತಲೆನೋವು, ದಮ್ಮು ಇವು ನಾಲ್ಕೂ ತುರ್ತು. ಕೂತಾಗ ಏರಿ ಮಲಗಿದಾಗ ಇಳಿಯುವ ತಲೆನೋವು ಬೆನ್ನಿನ ಸೂಜಿಯಿಂದ ಬಂದದ್ದಿರಬಹುದು, ಅದಕ್ಕೆ ಚಿಕಿತ್ಸೆ ಇದೆ. ಬಿಪಿ ಪರೀಕ್ಷಿಸದೆ ಮಾತ್ರ ಅದೇ ಅಂತ ತೀರ್ಮಾನಿಸಬಾರದು.

ಜ್ವರವೇ ಬಾರದ ನಂಜು

ಅರುವತ್ತೈದು ದಾಟಿದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಸ್ಟಿರಾಯ್ಡ್ ಮಾತ್ರೆ ತಿನ್ನುವವರಲ್ಲಿ ಸೋಂಕು ರಕ್ತಕ್ಕೆ ಹರಡಿದರೂ ಜ್ವರ ಬಾರದಿರಬಹುದು. ಉಪ್ಪ ಮಂಕಾಗಿದ್ದಾರೆ, ಹೆಸರು ತಪ್ಪಿ ಕರೆಯುತ್ತಾರೆ, ಕೈಕಾಲು ತಣ್ಣಗಿದೆ, ಮೂತ್ರ ಕಡಿಮೆ, ಹೀಗಷ್ಟೇ ಇರುತ್ತದೆ. ವಯಸ್ಸಾಯಿತು ಅಂತ ಬಿಟ್ಟುಬಿಡುತ್ತಾರೆ. ಒಂದು ಸುಲಭ ಪರೀಕ್ಷೆ ಇದೆ: ಗಡಿಯಾರ ಇಟ್ಟು ಒಂದು ನಿಮಿಷ ಉಸಿರು ಎಣಿಸಿ. ಸುಮ್ಮನೆ ಮಲಗಿರುವ ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20 ಇರಬೇಕು. 22 ಅಥವಾ ಅದಕ್ಕಿಂತ ಹೆಚ್ಚಿದ್ದು ಜೊತೆಗೆ ಮಂಕು ಕವಿದಿದ್ದರೆ, ಜ್ವರ ಇರಲಿ ಇಲ್ಲದಿರಲಿ, ಗಾಡಿ ಹೊರಡಿಸಿ.

ಸಕ್ಕರೆ ಕಾಯಿಲೆಯ ಒಂದು ಜಾತಿಯ ಮಾತ್ರೆ ಬಗ್ಗೆ ಹೇಳಲೇಬೇಕು: ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಪೇಟೆಂಟ್ ಮುಗಿದು ಬೆಲೆ ಇಳಿದ ಮೇಲೆ ಈಗ ತುಂಬಾ ಮಂದಿಗೆ ಬರೆಯುತ್ತಾರೆ, ಒಳ್ಳೆಯ ಮಾತ್ರೆಗಳೇ. ಆದರೆ ಇವನ್ನು ತಿನ್ನುತ್ತಲೇ ಹಸಿದ ಹೊಟ್ಟೆಯಲ್ಲಿ ಆಪರೇಶನ್ನಿಗೆ ಹೋದರೆ ಕೆಲವರ ರಕ್ತದಲ್ಲಿ ಆಮ್ಲ ಏರುತ್ತದೆ. ಗ್ಲುಕೋಮೀಟರಿನಲ್ಲಿ ಸಕ್ಕರೆ ಹೆಚ್ಚು ಕಾಣುವುದೇ ಇಲ್ಲ. ರೋಗಿ ವಾಂತಿ ಮಾಡುತ್ತಾರೆ, ಆಳವಾಗಿ ಉಸಿರೆಳೆಯುತ್ತಾರೆ, ಎಲ್ಲರೂ ಅರಿವಳಿಕೆಯ ಪರಿಣಾಮ ಅಂದುಕೊಳ್ಳುತ್ತಾರೆ. ಇವನ್ನು ನಿಗದಿತ ಆಪರೇಶನ್ನಿಗೆ ಕನಿಷ್ಠ 3 ದಿನ ಮೊದಲು ನಿಲ್ಲಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಹೇಳಿದೆ. ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ತಿನ್ನುವ ಎಲ್ಲಾ ಮಾತ್ರೆಯ ಪಟ್ಟಿಗಳನ್ನು ಒಂದು ಚೀಲದಲ್ಲಿ ಹಾಕಿ ಅರಿವಳಿಕೆ ವೈದ್ಯರ ಮೇಜಿನ ಮೇಲೆ ಸುರಿಯಿರಿ. ರಕ್ತ ತೆಳು ಮಾಡುವ ಮಾತ್ರೆ, ಆಯುರ್ವೇದ, ಗಲ್ಫಿನಿಂದ ತಂದ ವಿಟಮಿನ್ ಎಲ್ಲವೂ ಅದರಲ್ಲಿರಲಿ.

ಬಳ್ಳಾರಿ ಮತ್ತು ಮಿಂಟೋ

ಕೆಲವೊಮ್ಮೆ ತೊಂದರೆ ಗಾಯದಿಂದಲೂ ಅಲ್ಲ, ಸರ್ಜನ್ ಕೈಯಿಂದಲೂ ಅಲ್ಲ, ಬಾಟಲಿಯಿಂದ ಬರುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಹಲವು ಬಾಣಂತಿಯರಿಗೆ ಒಟ್ಟೊಟ್ಟಿಗೆ ಮೂತ್ರಪಿಂಡ ಕೈಕೊಟ್ಟು, ಬೇರೆ ಅಂಗಗಳೂ ಸೋತವು. ಐವರು ತೀರಿಹೋದರು. ಸಂಶಯ ಹೋದದ್ದು ಪಶ್ಚಿಮ ಬಂಗಾಳದ ಪಶ್ಚಿಮ್ ಬಂಗಾ ಫಾರ್ಮಾಸ್ಯುಟಿಕಲ್ಸ್ ಕಂಪನಿಯ ರಿಂಗರ್ ಲ್ಯಾಕ್ಟೇಟ್ ಡ್ರಿಪ್‌ನ ಮೇಲೆ. ಕರ್ನಾಟಕ ಸರಕಾರ ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಸಿಸೇರಿಯನ್ ಅನ್ನುವುದು ದಿನಾ ನಡೆಯುವ ಆಪರೇಶನ್, ಆ ಹೆಣ್ಣುಮಕ್ಕಳು ಕಾಯಿಲೆಯವರೂ ಆಗಿರಲಿಲ್ಲ.

ಅದಕ್ಕೂ ಮೊದಲು, 2019ರ ಜುಲೈ 9ರಂದು ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ 24 ಮಂದಿಗೆ ಪೊರೆ ಆಪರೇಶನ್ ನಡೆದಿತ್ತು. ಹೆಚ್ಚಿನವರ ಕಣ್ಣಿಗೆ ಸೋಂಕಾಗಿ ಹಲವರು ದೃಷ್ಟಿ ಕಳಕೊಂಡರು. ಆಪರೇಶನ್ ವೇಳೆ ಕಣ್ಣೊಳಗೆ ಬಳಸುವ ಜೆಲ್‌ನಲ್ಲಿ ಸ್ಯೂಡೋಮೊನಾಸ್ ಎಂಬ ರೋಗಾಣು ಪತ್ತೆಯಾಯಿತು.

ಬಾಟಲಿಯೊಳಗೆ ಏನಿದೆ ಅಂತ ನಾವು ನೋಡಲಾರೆವು. ಆದರೆ ಮೂತ್ರ ಎಷ್ಟು ಹೋಗಿದೆ ಅಂತ ನೋಡಬಹುದು. ಸಿಸೇರಿಯನ್ ಆದವರ ಮೂತ್ರದ ಚೀಲದಲ್ಲಿ ತುಂಬುವುದು ನಿಂತರೆ ಬೈಸ್ಟ್ಯಾಂಡರ್ ಆಗಿ ನಿಂತವರು ಅದನ್ನು ಆಗಲೇ ನರ್ಸ್‌ಗೆ ಹೇಳಬೇಕು, ಬೆಳಿಗ್ಗೆ ರೌಂಡ್ಸ್‌ವರೆಗೆ ಕಾಯಬಾರದು. ಪೊರೆ ಆಪರೇಶನ್ ಆದವರಿಗೆ ಮರುದಿನದಿಂದ ಕಣ್ಣು ಸ್ಪಷ್ಟವಾಗುತ್ತಾ ಬರಬೇಕು. ಮೊದಲ ವಾರದಲ್ಲಿ ನೋವು, ಕೆಂಪು, ದೃಷ್ಟಿ ಮಂಜಾಗುವುದು ಮೂರೂ ಸೇರಿದರೆ ಅವತ್ತೇ ಕಣ್ಣಿನ ವೈದ್ಯರ ಹತ್ತಿರ ಹೋಗಬೇಕು. ಕಣ್ಣಿನೊಳಗಿನ ಸೋಂಕು ಒಂದೆರಡು ದಿನದಲ್ಲೇ ದೃಷ್ಟಿಯನ್ನು ತಿಂದುಬಿಡುತ್ತದೆ. ನಮಾಝಿನಲ್ಲಿ ಸುಜೂದ್‌ಗೆ ಬಗ್ಗುವುದು ಯಾವತ್ತಿನಿಂದ ಅಂತ ಕಣ್ಣಿನ ವೈದ್ಯರಲ್ಲೇ ಕೇಳಿ. ಅಲ್ಲಿಯವರೆಗೆ ಕುರ್ಚಿಯಲ್ಲಿ ಕೂತು ಸನ್ನೆಯಿಂದ ನಿರ್ವಹಿಸಬಹುದು. ಗಾಯಕ್ಕೆ ನೀರು ತಾಗಬಾರದು ಅಂದಿದ್ದರೆ ಬ್ಯಾಂಡೇಜಿನ ಮೇಲೆ ತಡವುವುದು, ತಯಮ್ಮುಮ್, ಇವುಗಳ ಕ್ರಮವನ್ನು ಮಹಲ್ಲಿನ ಉಸ್ತಾದರು ಹೇಳಿಕೊಡುತ್ತಾರೆ. ರಮಳಾನಿನಲ್ಲಿ ಆಪರೇಶನ್ ಆದರೆ ಉಪವಾಸ ಬಿಟ್ಟು ಆಮೇಲೆ ಕಝಾ ಮಾಡಿಕೊಳ್ಳಲು ದೀನ್‌ನಲ್ಲೇ ವಿನಾಯಿತಿ ಇದೆ. ಆ್ಯಂಟಿಬಯಾಟಿಕ್‌ನ ಮಧ್ಯಾಹ್ನದ ಡೋಸ್ ಬಿಟ್ಟು ಉಪವಾಸ ಹಿಡಿಯುವವರಿದ್ದಾರೆ, ಅವರಿಗೆ ಇದನ್ನು ಹೇಳಬೇಕಾದವರು ವೈದ್ಯರಿಗಿಂತ ಹೆಚ್ಚು ಉಸ್ತಾದರೇ.

ರಾತ್ರಿ ಹನ್ನೊಂದಕ್ಕೆ ಎಲ್ಲಿಗೆ?

ಈ ಪ್ರಶ್ನೆಗೆ ಉತ್ತರ ಡಿಸ್ಚಾರ್ಜ್ ಆಗುವ ದಿನವೇ ಕೇಳಿಟ್ಟುಕೊಳ್ಳಬೇಕು. 'ಡಾಕ್ಟ್ರೆ, ನಾವು ಕಾಸರಗೋಡು ಕಡೆಯವರು, ರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು, ಇಲ್ಲಿಗೇ ಬರಬೇಕಾ ಅಥವಾ ಹತ್ತಿರದಲ್ಲಿ ತೋರಿಸಬಹುದಾ?' ಅಂತ ನೇರ ಕೇಳಿ. ಕೊಡುವ ನಂಬರ್ ರಿಸೆಪ್ಶನ್ನಿನದ್ದಾ, ವಾರ್ಡಿನದ್ದಾ, ತುರ್ತು ವಿಭಾಗದ್ದಾ ಅಂತಲೂ ಕೇಳಿ. ಅಲ್ಲೇ ನಿಂತು ಒಂದು ಸಲ ಡಯಲ್ ಮಾಡಿ ನೋಡಿದರೂ ತಪ್ಪಿಲ್ಲ.

ಜ್ವರ, ಕೀವಿನಂಥ ತೊಂದರೆಗೆ, ರೋಗಿ ಮಾತಾಡುತ್ತಾ ಇದ್ದರೆ, ಆಪರೇಶನ್ ಮಾಡಿದವರ ಹತ್ತಿರವೇ ಹೋಗುವುದು ಒಳ್ಳೆಯದು. ಒಳಗೆ ಏನು ಮಾಡಿದ್ದಾರೆಂದು ಅವರಿಗೆ ಗೊತ್ತು. ಆದರೆ ಉಸಿರಾಟದ ತೊಂದರೆ, ನಿಲ್ಲದ ರಕ್ತ, ಪ್ರಜ್ಞೆ ತಪ್ಪುವುದು ಇದ್ದರೆ ಮಂಗಳೂರಿಗೇ ಹೋಗುತ್ತೇವೆ ಅಂತ ಹಠ ಹಿಡಿಯಬೇಡಿ. ಹತ್ತಿರದಲ್ಲಿ ಎಲ್ಲಿ ಆಕ್ಸಿಜನ್, ಡ್ರಿಪ್, ತುರ್ತು ವೈದ್ಯರು ಇದ್ದಾರೋ ಅಲ್ಲಿ ಮೊದಲು ನಿಲ್ಲಿಸಿ, ಸ್ಥಿರ ಮಾಡಿಸಿ, ಆಮೇಲೆ ಆಂಬುಲೆನ್ಸಿನಲ್ಲಿ ಮುಂದೆ ಹೋಗಿ. ಕುಂಬಳೆ ದಾಟಿ ಹೆದ್ದಾರಿಗೆ ಸೇರಿದ ಮೇಲೂ ಮಂಗಳೂರಿಗೆ ಬಹಳ ದಾರಿ ಇದೆ. ಕೇರಳದಲ್ಲಿ 108 ಆಂಬುಲೆನ್ಸ್ ಇದೆ. ಸಲಹೆಗೆ ದಿಶಾ ಸಹಾಯವಾಣಿ 1056.

ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜು ಬದಿಯಡ್ಕದಿಂದಾಚೆ ಇದೆಯಲ್ಲ ಅಂತ ಕೇಳುವವರಿದ್ದಾರೆ. 2013ರ ನವೆಂಬರ್‌ನಲ್ಲಿ ಶಿಲಾನ್ಯಾಸ, 2020ರ ಎಪ್ರಿಲ್‌ನಲ್ಲಿ ಕೋವಿಡ್ ಆಸ್ಪತ್ರೆ, 2022ರ ಜನವರಿಯಲ್ಲಿ ಒಪಿ. ಇಷ್ಟು ನಿಧಾನಕ್ಕೆ ಬೆಳೆದ ಸಂಸ್ಥೆ ಅದು. ಮೆಡಿಕಲ್ ಕಾಲೇಜು ಎಂಬ ಬೋರ್ಡ್ ನಂಬಿ ರಾತ್ರಿ ಆಪರೇಶನ್ ಆದ ರೋಗಿಯನ್ನು ಕರಕೊಂಡು ಹೋಗುವ ಮೊದಲು ಫೋನ್ ಮಾಡಿ ಏನು ಸೌಲಭ್ಯ ಇದೆ ಅಂತ ಕೇಳುವುದು ಜಾಣತನ.

ಗಡಿಯಾಚೆಯ ಆಸ್ಪತ್ರೆಯನ್ನೇ ನಂಬಿಕೊಂಡಿದ್ದರೆ ಏನಾಗುತ್ತದೆ ಅಂತ 2020ರ ಮಾರ್ಚ್‌ನಲ್ಲಿ ನೋಡಿದ್ದೇವೆ. ಲಾಕ್‌ಡೌನ್ ಹೊತ್ತಿಗೆ ಕರ್ನಾಟಕ ಗಡಿ ಮುಚ್ಚಿತು, ರಸ್ತೆಗಳಿಗೆ ಮಣ್ಣು ಸುರಿಯಿತು, ತಲಪಾಡಿಯಿಂದ ಆಂಬುಲೆನ್ಸ್‌ಗಳು ವಾಪಸ್ ಬಂದವು, ಚಿಕಿತ್ಸೆ ಸಿಗದೆ ಜಿಲ್ಲೆಯ ಹಲವರು ತೀರಿಹೋದರು. ಎಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಸಲು ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋದ ಮೇಲೆ ರೋಗಿಗಳನ್ನು ಬಿಡುವ ಕ್ರಮವೊಂದು ಆಯಿತು. ಆಗ ಅತಿ ಹೆಚ್ಚು ಪರದಾಡಿದವರಲ್ಲಿ ಮಂಗಳೂರಿನಲ್ಲಿ ಆಪರೇಶನ್ ಆಗಿ ಮರುತಪಾಸಣೆ ಬಾಕಿ ಇದ್ದವರೂ ಇದ್ದರು. ಹಾಗಾಗಿ ಊರಿನಲ್ಲೇ ಒಬ್ಬ ವೈದ್ಯರಿಗೆ ನಿಮ್ಮ ಡಿಸ್ಚಾರ್ಜ್ ಸಮರಿ ತೋರಿಸಿಟ್ಟಿರಿ. ಅವರು ಸರ್ಜನ್ ಆಗಿರಬೇಕಾಗಿಲ್ಲ.

ಗಲ್ಫ್ ಟಿಕೆಟ್

ರಜೆಯಲ್ಲಿ ಊರಿಗೆ ಬಂದು ಹರ್ನಿಯಾವೋ ಪೈಲ್ಸೋ ಮುಗಿಸಿಕೊಂಡು ಹೋಗುವುದು ನಮ್ಮವರ ರೂಢಿ. ಮೂವತ್ತು ದಿನದ ರಜೆ. ಮೊದಲ ಹದಿನೈದು ದಿನ ಮದುವೆ, ನೆಂಟರ ಮನೆ, ಕೊನೆಯ ಹತ್ತು ದಿನ ಇರುವಾಗ ಆಪರೇಶನ್. ಇದನ್ನು ತಿರುಗಿಸಬೇಕು. ಊರಿಗೆ ಬಂದ ವಾರದಲ್ಲೇ ಆಪರೇಶನ್ ಆಗಲಿ, ನೆಂಟರ ಮನೆ ಆಮೇಲೆ.

ಕೀಹೋಲ್ ಆಪರೇಶನ್ ಆದವರು ಕೆಲವೇ ದಿನದಲ್ಲಿ, ಹೊಟ್ಟೆಯ ದೊಡ್ಡ ಆಪರೇಶನ್ ಆದವರು ಹತ್ತು ದಿನದ ನಂತರ ವಿಮಾನ ಹತ್ತಬಹುದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ವಿಮಾನಕ್ಕೆ ಅದು ಸರಿ. ಆದರೆ ತೊಂದರೆ ಇರುವುದು ಇಳಿದ ಮೇಲೆ: ಒಂಬತ್ತನೇ ದಿನ ಗಾಯ ಬಿರಿದರೆ ಅಲ್ಲಿ ನೋಡುವವರು ಯಾರು, ಇನ್ಶೂರೆನ್ಸ್ ಒಪ್ಪುತ್ತದಾ, ಕಫೀಲ್ ರಜೆ ಕೊಡುತ್ತಾರಾ? ಹರ್ನಿಯಾ ಆದವರು ನಾಲ್ಕರಿಂದ ಆರು ವಾರ ಭಾರ ಎತ್ತಬಾರದು. ಸೂಪರ್ ಮಾರ್ಕೆಟಿನಲ್ಲಿ ಅಕ್ಕಿ ಗೋಣಿ ಎತ್ತುವವರಿಗೆ, ಡ್ರೈವರ್‌ಗಳಿಗೆ ಇದು ಕೆಲಸದ ಪ್ರಶ್ನೆ. ಸರ್ಜನ್ ಕೈಯಲ್ಲಿ ಇಂಗ್ಲಿಷಿನಲ್ಲಿ ಒಂದು ಫಿಟ್ನೆಸ್ ಪತ್ರ, ಭಾರ ಎತ್ತಬಾರದ ಅವಧಿ ಬರೆದದ್ದು, ಹೊರಡುವ ಮೊದಲು ತೆಗೆದುಕೊಳ್ಳಿ. ಪ್ರಯಾಣದಲ್ಲಿ ನೀರು ಕುಡಿಯುತ್ತಾ, ಆಗಾಗ ಎದ್ದು ನಡೆಯಿರಿ.

ಕಾಗದ ಮತ್ತು ಕಾನೂನು

ತೊಂದರೆಯಾದಾಗ ಮೂವತ್ತು ಮಂದಿ ಆಸ್ಪತ್ರೆಗೆ ನುಗ್ಗಿ ಕೂಗಾಡುವುದರಿಂದ ರೋಗಿಗೆ ಮೂರು ಕಾಸಿನ ಪ್ರಯೋಜನವಿಲ್ಲ. 2023ರ ತಿದ್ದುಪಡಿಯ ಬಳಿಕ ಕೇರಳದಲ್ಲಿ ಆರೋಗ್ಯ ಸಿಬ್ಬಂದಿಗೆ ತೀವ್ರ ಗಾಯ ಮಾಡಿದರೆ 7 ವರ್ಷದವರೆಗೆ ಜೈಲು. ಕೇಸು ರೋಗಿಯ ಮನೆಯವರ ಮೇಲೆಯೇ ತಿರುಗುತ್ತದೆ. ಕೇಳಬೇಕಾದ್ದನ್ನು ಕಾಗದದಲ್ಲಿ ಕೇಳಿ.

ಕೇಸ್ ಶೀಟ್, ಆಪರೇಶನ್ ನೋಟ್ಸ್, ಅರಿವಳಿಕೆಯ ದಾಖಲೆ, ನರ್ಸಿಂಗ್ ಚಾರ್ಟ್ ಇವುಗಳ ಪ್ರತಿ ಪಡೆಯುವುದು ರೋಗಿಯ ಹಕ್ಕು. ಲಿಖಿತವಾಗಿ ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮ ಹೇಳುತ್ತದೆ. ಅದೇ ನಿಯಮದ ಪ್ರಕಾರ ವೈದ್ಯರು ದಾಖಲೆಗಳನ್ನು 3 ವರ್ಷ ಇಟ್ಟುಕೊಳ್ಳಬೇಕು. ಆಮೇಲೆ ಹೋಗಿ ಕೇಳಿದರೆ ಇಲ್ಲ ಅನ್ನಬಹುದು.

ಆಯುಷ್ಮಾನ್ ಭಾರತ್ ಜೊತೆ ಸೇರಿಸಿದ ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯಲ್ಲಿ (ಕಾಸ್ಪ್) ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇರುವುದು ಗೊತ್ತೇ ಇದೆ. ಡಿಸ್ಚಾರ್ಜ್ ಆದ ಮೇಲಿನ 15 ದಿನದ ಔಷಧ, ಪರೀಕ್ಷೆಯೂ ಪ್ಯಾಕೇಜಿನಲ್ಲಿ ಸೇರುತ್ತದೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಮಂಗಳೂರಿನ ಯಾವ ಆಸ್ಪತ್ರೆ ನಿಮ್ಮ ಕಾರ್ಡ್ ತೆಗೆದುಕೊಳ್ಳುತ್ತದೆ ಅಂತ ದಾಖಲಾಗುವ ಮೊದಲೇ ಕೇಳಬೇಕು.

ನಿರ್ಲಕ್ಷ್ಯ ಆಗಿದೆ ಅನ್ನಿಸಿದರೆ ದಾರಿಗಳಿವೆ. ಹಣ ಪಡೆದು ಚಿಕಿತ್ಸೆ ಕೊಡುವುದು ಗ್ರಾಹಕ ಕಾನೂನಿನಡಿ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಗಡಿನಾಡಿನವರಿಗೆ ಉಪಕಾರವಾದ ಬದಲಾವಣೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯದ್ದು: ದೂರುದಾರರು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಆಪರೇಶನ್ ಮಂಗಳೂರಿನಲ್ಲಿ ಆಗಿದ್ದರೂ ಸೀತಾಂಗೋಳಿಯವರು ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಸಾಕು. ಆಸ್ಪತ್ರೆಗೆ ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ. 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ದೂರಿಗೆ 2 ವರ್ಷದ ಗಡುವು. ಕರ್ನಾಟಕದ ಖಾಸಗಿ ಆಸ್ಪತ್ರೆಯ ಬಗ್ಗೆ ಅಲ್ಲಿನ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೂ, ವೈದ್ಯರ ನಡತೆಯ ಬಗ್ಗೆ ಆಯಾ ರಾಜ್ಯದ ಮೆಡಿಕಲ್ ಕೌನ್ಸಿಲ್‌ಗೂ ಬರೆಯಬಹುದು. ಪೊಲೀಸ್ ಕೇಸಿನ ದಾರಿ ಮಾತ್ರ ಇಕ್ಕಟ್ಟಿನದ್ದು: 2005ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ತನಿಖಾಧಿಕಾರಿ ಮೊದಲು ಬೇರೆ ವೈದ್ಯರ ಸ್ವತಂತ್ರ ಅಭಿಪ್ರಾಯ ಪಡೆಯಬೇಕು.

ಗಡುವಿನ ಬಗ್ಗೆ ಗೋವಾದ ನರ್ಸ್ ಒಬ್ಬರ ಕೇಸನ್ನು ಇಲ್ಲಿ ಹೇಳಬೇಕು. 1993ರಲ್ಲಿ ಪಿತ್ತಕೋಶದ ಆಪರೇಶನ್ ಆಗಿತ್ತು. ಹೊಟ್ಟೆನೋವು ಬಿಡಲೇ ಇಲ್ಲ. 2002ರಲ್ಲಿ ಪುನಃ ಹೊಟ್ಟೆ ತೆರೆದಾಗ ಒಳಗೆ ಗಾಜ್ ಬಟ್ಟೆ ಸಿಕ್ಕಿತು. 2004ರಲ್ಲಿ ದೂರು ಕೊಟ್ಟರು. ತೊಂದರೆ ಗೊತ್ತಾದ ದಿನದಿಂದ ಗಡುವು ಎಣಿಸಬಹುದು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ ಒಪ್ಪಿದರೂ, 2010ರಲ್ಲಿ ಅವರ ದೂರನ್ನು ತಳ್ಳಿಹಾಕಿತು. ಒಂಬತ್ತು ವರ್ಷ ನೋವಿದ್ದೂ, ಆರೋಗ್ಯ ಕ್ಷೇತ್ರದಲ್ಲೇ ಇದ್ದೂ, ಸರ್ಜನ್ ಹತ್ತಿರ ಹೋಗಿ ಪರೀಕ್ಷಿಸಿಕೊಳ್ಳಲಿಲ್ಲ ಅನ್ನುವುದು ಕಾರಣ.

ಕೋಯಿಕ್ಕೋಡಿನ ಮಹಿಳೆಯ ಕೇಸು ಇದಕ್ಕಿಂತ ಬೇರೆ. 2017ರ ನವೆಂಬರ್ 30ರಂದು ಅಲ್ಲಿನ ಸರಕಾರಿ ಮೆಡಿಕಲ್ ಕಾಲೇಜಿನಲ್ಲಿ ಸಿಸೇರಿಯನ್. ಐದು ವರ್ಷ ನೋವು. 2022ರ ಸೆಪ್ಟೆಂಬರ್‌ನಲ್ಲಿ ಹೊಟ್ಟೆಯಿಂದ ಕತ್ತರಿಯಂಥ ಫೋರ್ಸೆಪ್ಸ್ ಹೊರತೆಗೆದರು. ಅದು ಇದೇ ಆಪರೇಶನ್ನಿನಲ್ಲಿ ಉಳಿದದ್ದಾ, ಹಿಂದಿನ ಸಿಸೇರಿಯನ್ನಿನದ್ದಾ ಅಂತ ದೊಡ್ಡ ವಾದವಾಯಿತು. ಮೆಡಿಕಲ್ ಬೋರ್ಡ್ ಒಪ್ಪಲಿಲ್ಲ. ಪೊಲೀಸರಿಗೆ ಆಧಾರವಾದದ್ದು ಆ ಮಹಿಳೆ 2017ರ ಆರಂಭದಲ್ಲಿ ಬೇರೆ ಕಾರಣಕ್ಕೆ ಮಾಡಿಸಿದ್ದ ಒಂದು ಎಂಆರ್‌ಐ ಸ್ಕ್ಯಾನ್. ಅದರಲ್ಲಿ ಲೋಹದ ವಸ್ತು ಇರಲಿಲ್ಲ, ಅಂದರೆ ಉಳಿದದ್ದು ಆಮೇಲಿನ ಆಪರೇಶನ್ನಿನಲ್ಲಿ. ಇಬ್ಬರು ವೈದ್ಯರು, ಇಬ್ಬರು ನರ್ಸ್‌ಗಳ ಮೇಲೆ ಆರೋಪಪಟ್ಟಿ ಹೋಯಿತು.

ಮನೆ ಗುಡಿಸುವಾಗ, ಹೊಸ ಮನೆಗೆ ಸಾಮಾನು ಸಾಗಿಸುವಾಗ ನಾವು ಮೊದಲು ಬಿಸಾಡುವುದೇ ಹಳೆಯ ಎಕ್ಸ್‌ರೇ, ಸ್ಕ್ಯಾನ್ ಕವರುಗಳನ್ನು. ಬಿಸಾಡಬೇಡಿ. ಡಿಸ್ಚಾರ್ಜ್ ಸಮರಿ, ಬಿಲ್, ಬಯಾಪ್ಸಿ ವರದಿ, ಸ್ಕ್ಯಾನ್ ಎಲ್ಲವನ್ನೂ ಒಬ್ಬೊಬ್ಬರ ಹೆಸರಿನ ಒಂದೊಂದು ಫೈಲಿನಲ್ಲಿ ಇಡಿ. ಪ್ರತಿ ಪುಟದ ಫೋಟೋ ತೆಗೆದು ಮನೆಯ ಇಬ್ಬರ ಫೋನಿನಲ್ಲಿ, ಸಾಧ್ಯವಾದರೆ ಗಲ್ಫಿನಲ್ಲಿರುವ ಒಬ್ಬರ ಫೋನಿನಲ್ಲೂ ಇಟ್ಟಿರಿ. ರಾತ್ರಿ ಹೊರಡುವ ಗಡಿಬಿಡಿಯಲ್ಲಿ ಫೈಲ್ ಮನೆಯಲ್ಲೇ ಉಳಿದರೆ ತುರ್ತು ವಿಭಾಗದ ವೈದ್ಯರಿಗೆ ಅದನ್ನೇ ತೋರಿಸಬಹುದು.